ಉಸಿರು ಕಸಿಯುವ ಗಾಳಿ: ಹಡಗಿನ ಮುಚ್ಚಿದ ಕೋಣೆಗಳಲ್ಲಿ ಅಡಗಿರುವ ಸಾವು

2007ರ ಸೆಪ್ಟೆಂಬರ್ 23. ಇಂಗ್ಲೆಂಡಿನ ಪೂರ್ವ ಕರಾವಳಿಯಾಚೆ, ಉತ್ತರ ಸಮುದ್ರದ ಅನಿಲ ಸ್ಥಾವರಗಳ ಬಳಿ 'ವೈಕಿಂಗ್ ಐಲೇ' ಎಂಬ ಹಡಗು ಕಾವಲಿಗೆ ನಿಂತಿತ್ತು. ಸ್ಥಾವರಗಳಲ್ಲಿ ಅವಘಡ ಸಂಭವಿಸಿದರೆ ಅಲ್ಲಿನ ನೌಕರರನ್ನು ರಕ್ಷಿಸುವುದೇ ಆ ಹಡಗಿನ ಕೆಲಸ. ಅಂದು ಹಡಗಿನ ಮುಂಭಾಗದ ಕೋಣೆಯೊಳಗೆ ಲಂಗರಿನ ಸರಪಳಿ ಸಡಿಲಗೊಂಡು ಸದ್ದು ಮಾಡುತ್ತಿತ್ತು. ಅದನ್ನು ಬಿಗಿದು ಕಟ್ಟಲೆಂದು ಇಬ್ಬರು ನಾವಿಕರು ಅತ್ತ ಹೋದರು. ಒಬ್ಬ ಒಳಗಿಳಿದ, ಇಳಿದವನು ಅಲ್ಲಿಯೇ ಕುಸಿದ. ಮೇಲಿದ್ದವನು ಕರ್ತವ್ಯದಲ್ಲಿದ್ದ ಅಧಿಕಾರಿಗೆ ಸುದ್ದಿ ಮುಟ್ಟಿಸಿ, ಸಂಗಾತಿಯನ್ನು ಎತ್ತಲು ತಾನೂ ಇಳಿದ. ಅವನೂ ಕುಸಿದ.

ಸುದ್ದಿ ತಿಳಿದು ಧಾವಿಸಿದ ಮೂರನೆಯವನಿಗೆ ಉಸಿರಾಟದ ಉಪಕರಣವನ್ನು ಬೆನ್ನಿಗೆ ಕಟ್ಟಿಕೊಂಡು ಆ ಕಿರಿದಾದ ಬಾಯಿಯೊಳಗೆ ನುಗ್ಗಲಾಗಲಿಲ್ಲ. ಆಗ ಆತ ಬೆಂಕಿ, ಹೊಗೆಯಿಂದ ಪಾರಾಗಲೆಂದು ಹಡಗಿನಲ್ಲಿರಿಸಿದ್ದ ತುರ್ತು ಉಸಿರಾಟದ ಮುಸುಕನ್ನು ಧರಿಸಿ ಇಳಿದ. ಒಳಗೆ ಯಾವುದೋ ಹಂತದಲ್ಲಿ ಆ ಮುಸುಕು ತಲೆಯಿಂದ ಕಳಚಿತು. ಮೂವರೂ ಮೃತಪಟ್ಟರು.

ಅಲ್ಲಿ ಬೆಂಕಿ ಇರಲಿಲ್ಲ, ಹೊಗೆ ಇರಲಿಲ್ಲ, ವಿಷಾನಿಲ ಸೋರಿರಲಿಲ್ಲ. ಬ್ರಿಟನ್ನಿನ ಸಾಗರ ಅಪಘಾತ ತನಿಖಾ ಸಂಸ್ಥೆಯು ನೀಡಿದ ಕಾರಣ ಇಷ್ಟೇ: ಸರಪಳಿಗೂ ಕೋಣೆಯ ಉಕ್ಕಿನ ಗೋಡೆಗಳಿಗೂ ಹಿಡಿದ ತುಕ್ಕು, ಮುಚ್ಚಿದ ಆ ಕೋಣೆಯ ಗಾಳಿಯಲ್ಲಿದ್ದ ಆಮ್ಲಜನಕವನ್ನು ಹೀರಿಬಿಟ್ಟಿತ್ತು. ಉಳಿದದ್ದು ನೋಡಲು, ಮೂಸಲು ಎಂದಿನಂತೆಯೇ ಇದ್ದ ಗಾಳಿ. ಆದರೆ ಅದು ಉಸಿರಾಡಲು ಯೋಗ್ಯವಾಗಿರಲಿಲ್ಲ.

ಸಮುದ್ರಯಾನ ಎಂದೊಡನೆ ನಮ್ಮ ಕಣ್ಣೆದುರು ಬರುವುದು ಬಿರುಗಾಳಿ, ಹೆದ್ದೆರೆ, ಕಡಲ್ಗಳ್ಳರು. ಬಂದರಿನಲ್ಲಿ ಶಾಂತವಾಗಿ ನಿಂತ ಹಡಗಿನ ಒಳಗೇ ಸಾವು ಕಾದಿರುತ್ತದೆ ಎಂಬುದು ಬಹುಮಂದಿಗೆ ತಿಳಿಯದು. ಕರಾವಳಿಯ ಅನೇಕ ಮನೆಗಳ ಮಕ್ಕಳು ಇಂದು ದೇಶವಿದೇಶಗಳ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. ಆದ್ದರಿಂದ ಈ ಅಪಾಯವನ್ನು ಅರಿಯುವುದು ನಮಗೂ ಅಗತ್ಯ.

ದೇಹಕ್ಕೆ ಮುನ್ಸೂಚನೆ ಏಕಿಲ್ಲ?

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ. 78ರಷ್ಟು ಸಾರಜನಕ, ಶೇ. 20.9ರಷ್ಟು ಆಮ್ಲಜನಕ ಇರುತ್ತದೆ. ಆಮ್ಲಜನಕದ ಪ್ರಮಾಣ ಶೇ. 16ರ ಆಸುಪಾಸಿಗೆ ಇಳಿದಾಗ ನಾಡಿಬಡಿತ, ಉಸಿರಾಟ ಚುರುಕಾಗುತ್ತವೆ, ವಿವೇಚನೆ ಮಂಕಾಗತೊಡಗುತ್ತದೆ. ಶೇ. 14ರಿಂದ 10ರ ನಡುವೆ ಕೈಕಾಲುಗಳು ಹಿಡಿತ ತಪ್ಪುತ್ತವೆ, ತೀರ್ಮಾನಗಳು ತಪ್ಪಾಗುತ್ತವೆ. ಇನ್ನೂ ಕೆಳಗಿಳಿದರೆ ವಾಕರಿಕೆ, ಪ್ರಜ್ಞಾಹೀನತೆ. ಶೇ. 6ಕ್ಕಿಂತ ಕೆಳಗೆ ಕೆಲವೇ ಉಸಿರುಗಳಲ್ಲಿ ಮನುಷ್ಯ ನೆಲಕ್ಕುರುಳುತ್ತಾನೆ. ನಿಮಿಷಗಳಲ್ಲಿ ಸಾವು ಬರುತ್ತದೆ.

'ಉಸಿರು ಕಟ್ಟಿದಂತಾದರೆ ಹೊರಗೆ ಓಡಿ ಬಂದರಾಯಿತಲ್ಲ' ಎಂದು ಯಾರಿಗಾದರೂ ಅನ್ನಿಸಬಹುದು. ವಾಸ್ತವದಲ್ಲಿ ಉಸಿರು ಕಟ್ಟಿದಂತೆ ಅನ್ನಿಸುವುದೇ ಇಲ್ಲ. ನೀರಿನಲ್ಲಿ ಮುಳುಗಿ ಉಸಿರು ಬಿಗಿಹಿಡಿದಾಗ ಎದೆ ಒಡೆಯುವಂತಾಗುವುದಕ್ಕೆ ಮುಖ್ಯ ಕಾರಣ ಆಮ್ಲಜನಕದ ಕೊರತೆಯಲ್ಲ. ರಕ್ತದಲ್ಲಿ ಶೇಖರಗೊಳ್ಳುವ ಇಂಗಾಲದ ಡೈ ಆಕ್ಸೈಡ್. ಮೆದುಳಿನ ಉಸಿರಾಟದ ಕೇಂದ್ರವು ಪ್ರಧಾನವಾಗಿ ಕಾವಲು ಕಾಯುವುದು ಆ ಅನಿಲವನ್ನೇ. ಆಮ್ಲಜನಕವಿಲ್ಲದ, ಬರೀ ಸಾರಜನಕ ತುಂಬಿದ ಕೋಣೆಯಲ್ಲಿ ಎದೆ ಎಂದಿನಂತೆ ಏರಿಳಿಯುತ್ತದೆ, ಇಂಗಾಲದ ಡೈ ಆಕ್ಸೈಡ್ ಎಂದಿನಂತೆ ಹೊರಹೋಗುತ್ತದೆ. ಹಾಗಾಗಿ ದೇಹದ ಎಚ್ಚರಿಕೆಯ ಗಂಟೆ ಬಾರಿಸುವುದೇ ಇಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಅತ್ಯಲ್ಪ ಆಮ್ಲಜನಕವಿರುವ ಗಾಳಿಯನ್ನು ಒಳಗೆಳೆದುಕೊಂಡಾಗ ಶ್ವಾಸಕೋಶದಿಂದ ರಕ್ತಕ್ಕೆ ಆಮ್ಲಜನಕ ಹರಿಯುವ ಬದಲು, ರಕ್ತದಲ್ಲಿ ಉಳಿದಿದ್ದ ಆಮ್ಲಜನಕವೇ ಶ್ವಾಸಕೋಶಕ್ಕೆ ಹರಿದು ಹೊರಹೋಗುತ್ತದೆ. ಉಸಿರು ಬಿಗಿಹಿಡಿದವನು ಒಂದೆರಡು ನಿಮಿಷ ಎಚ್ಚರವಿರಬಲ್ಲ. ಇಂತಹ ಗಾಳಿಯನ್ನು ಉಸಿರಾಡಿದವನು ಸೆಕೆಂಡುಗಳಲ್ಲಿ ಪ್ರಜ್ಞೆ ಕಳೆದುಕೊಳ್ಳುತ್ತಾನೆ. ಇಳಿದ ಏಣಿಯನ್ನು ಮರಳಿ ಹತ್ತುವಷ್ಟು ಸಮಯವೂ ಅವನಿಗೆ ದೊರೆಯುವುದಿಲ್ಲ.

ಮೂರು ಕಿಲೋ ಕಬ್ಬಿಣದ ಲೆಕ್ಕ

ತುಕ್ಕು ಹಿಡಿಯುವುದೆಂದರೆ ಕಬ್ಬಿಣವು ನಿಧಾನವಾಗಿ, ಜ್ವಾಲೆಯಿಲ್ಲದೆ ಉರಿಯುವುದೇ ಸರಿ. ಒಂದು ಕಿಲೋ ಕಬ್ಬಿಣ ಪೂರ್ಣವಾಗಿ ತುಕ್ಕಾಗಲು ಸುಮಾರು 430 ಗ್ರಾಂ ಆಮ್ಲಜನಕ ಬೇಕು. ಒಂದು ಘನ ಮೀಟರ್ ಗಾಳಿಯಲ್ಲಿರುವ ಆಮ್ಲಜನಕ ಸುಮಾರು 280 ಗ್ರಾಂ. ಮನೆಯ ಸಣ್ಣ ಉಗ್ರಾಣದಷ್ಟು, ಅಂದರೆ 10 ಘನ ಮೀಟರಿನ ಕೋಣೆಯೊಂದನ್ನು ಭದ್ರವಾಗಿ ಮುಚ್ಚಿಟ್ಟರೆ ಅದರೊಳಗೆ ಇರುವುದು 2.8 ಕಿಲೋ ಆಮ್ಲಜನಕ ಮಾತ್ರ. ಅದರಲ್ಲಿ ಅರ್ಧವನ್ನು ಕಬಳಿಸಿ ಗಾಳಿಯನ್ನು ಮಾರಕವಾಗಿಸಲು ಮೂರು ಕಿಲೋ ಚಿಲ್ಲರೆ ಕಬ್ಬಿಣ ತುಕ್ಕಾದರೆ ಸಾಕು.

ಲಂಗರಿನ ಸರಪಳಿಯ ತೂಕ ಟನ್‌ಗಳ ಲೆಕ್ಕದ್ದು. ಅದು ಪ್ರತಿ ಬಾರಿಯೂ ಉಪ್ಪುನೀರಿನಲ್ಲಿ ತೊಯ್ದು, ಒದ್ದೆಯಾಗಿಯೇ ಕೋಣೆಯೊಳಗೆ ಬಂದು ಬೀಳುತ್ತದೆ. ಉಪ್ಪು ಮತ್ತು ತೇವ ಎರಡೂ ತುಕ್ಕನ್ನು ವೇಗಗೊಳಿಸುತ್ತವೆ. ಹಡಗಿನ ಸಮತೋಲನಕ್ಕಾಗಿ ಸಮುದ್ರದ ನೀರು ತುಂಬಿಸಿ ಖಾಲಿ ಮಾಡುವ ಬ್ಯಾಲಾಸ್ಟ್ ಟ್ಯಾಂಕುಗಳ ಕಥೆಯೂ ಇದೇ. ಗೋಡೆಗೆ ಬಳಿದ ಬಣ್ಣ ಎಲ್ಲಿ ಎದ್ದಿತೋ ಅಲ್ಲಿಂದ ತುಕ್ಕು ಆರಂಭ. 2008ರ ಜೂನ್‌ನಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಲ್ಲಿ ನಿಂತಿದ್ದ 'ಸಾಗಾ ರೋಸ್' ಎಂಬ ಪ್ರವಾಸಿ ಹಡಗಿನಲ್ಲಿ, ಬಹುತೇಕ ಖಾಲಿಯಾಗಿದ್ದ ಇಂತಹದೇ ಟ್ಯಾಂಕಿಗೆ ಇಳಿದ ಅನುಭವಿ ನಾವಿಕನೊಬ್ಬ ಪ್ರಾಣ ಕಳೆದುಕೊಂಡ.

ಸರಕೂ ಉಸಿರಾಡುತ್ತದೆ

ತುಕ್ಕು ಮಾತ್ರವೇ ಕಾರಣವಲ್ಲ. ಹಡಗು ಹೊತ್ತೊಯ್ಯುವ ಅನೇಕ ಸರಕುಗಳು ತಾವೇ ಆಮ್ಲಜನಕವನ್ನು ಹೀರುತ್ತವೆ. ಮರದ ದಿಮ್ಮಿ, ಕೊಯ್ದ ಹಲಗೆ, ಮರದ ಹೊಟ್ಟಿನ ಉಂಡೆ, ಧಾನ್ಯ, ಕೊಬ್ಬರಿ, ಹಿಂಡಿ, ಮೀನುಹುಡಿ, ಕಲ್ಲಿದ್ದಲು, ಕಬ್ಬಿಣದ ಚೂರುಗಳ ಗುಜರಿ ಇವೆಲ್ಲ ಈ ಪಟ್ಟಿಯಲ್ಲಿವೆ. ಬಳ್ಳಾರಿ, ಕೊಪ್ಪಳ ಭಾಗದ ಕಾರ್ಖಾನೆಗಳಲ್ಲಿ ತಯಾರಾಗುವ ಸ್ಪಾಂಜ್ ಐರನ್ ಕೂಡ ಇದೇ ಗುಂಪಿಗೆ ಸೇರಿದ್ದು. ಆಮ್ಲಜನಕ ಹೀರುವುದರ ಜೊತೆಗೆ, ನೀರು ತಗುಲಿದರೆ ಹೊತ್ತಿಕೊಳ್ಳುವ ಜಲಜನಕವನ್ನೂ ಅದು ಹೊರಬಿಡುತ್ತದೆ. ಕಲ್ಲಿದ್ದಲಾದರೋ ಇಂಗಾಲದ ಮಾನಾಕ್ಸೈಡ್ ಮತ್ತು ಮಿಥೇನ್ ಅನಿಲಗಳನ್ನು ಸೂಸುತ್ತದೆ.

2014ರ ಮೇ 26ರಂದು ಇಂಗ್ಲೆಂಡಿನ ಗೂಲ್ ಬಂದರಿನಲ್ಲಿ 'ಸುಂಟಿಸ್' ಹಡಗಿನ ಮೂವರು ಸಿಬ್ಬಂದಿ ಮೃತಪಟ್ಟರು. ಹಡಗಿನಲ್ಲಿದ್ದುದು ಕೊಯ್ದ ಮರ. ಸರಕಿನ ಹೋಲ್ಡ್‌ಗೆ ಇಳಿಯುವ ಏಣಿಯ ಕೋಣೆಯಲ್ಲಿ ಬಳಿಕ ಅಳೆದು ನೋಡಿದಾಗ, ಮೇಲಿನ ಅಟ್ಟದ ಕೆಳಗೇ ಆಮ್ಲಜನಕ ಶೇ. 10ಕ್ಕೆ ಇಳಿದಿತ್ತು, ಏಣಿಯ ಬುಡದಲ್ಲಿ ಶೇ. 5ರಿಂದ 6ರಷ್ಟು ಮಾತ್ರ ಇತ್ತು. 2006ರ ನವೆಂಬರ್‌ನಲ್ಲಿ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್‌ನಲ್ಲಿ ಮರದ ಉಂಡೆಗಳನ್ನು ಇಳಿಸುತ್ತಿದ್ದ 'ಸಾಗಾ ಸ್ಪ್ರೇ' ಹಡಗಿನಲ್ಲಿ ನಾವಿಕನೊಬ್ಬ ಸತ್ತು, ಬಂದರಿನ ಕಾರ್ಮಿಕನೊಬ್ಬ ತೀವ್ರವಾಗಿ ಅಸ್ವಸ್ಥನಾದ. ಅಪಾಯವು ಹಡಗಿನ ಸಿಬ್ಬಂದಿಗಷ್ಟೇ ಸೀಮಿತವಲ್ಲ, ಸರಕು ಇಳಿಸಲು ದಡದಿಂದ ಬರುವವರಿಗೂ ಇದೆ ಎಂಬುದಕ್ಕೆ ಇದು ನಿದರ್ಶನ. ಕಲ್ಲಿದ್ದಲು, ಮರದ ದಿಮ್ಮಿಗಳು ಬಂದಿಳಿಯುವ ನವಮಂಗಳೂರು ಬಂದರಿನ ಕಾರ್ಮಿಕರಿಗೂ ಈ ಮಾತು ಅನ್ವಯಿಸುತ್ತದೆ.

ಸರಕಿನ ಕೋಣೆಗೆ ಇಳಿಯದಿದ್ದರೆ ಸಾಕು ಎಂದೂ ನಿಶ್ಚಿಂತರಾಗುವಂತಿಲ್ಲ. 2008ರ ಜನವರಿಯಲ್ಲಿ 'ಸಾವಾ ಲೇಕ್' ಎಂಬ ಹಡಗಿನಲ್ಲಿ ಇಬ್ಬರು ಸತ್ತದ್ದು ಸರಕಿನ ಹೋಲ್ಡ್‌ನಲ್ಲಲ್ಲ, ಅದಕ್ಕೆ ಹೊಂದಿಕೊಂಡಿದ್ದ ಮುಂಭಾಗದ ಉಗ್ರಾಣದಲ್ಲಿ. ಹೋಲ್ಡ್‌ನಲ್ಲಿ ತುಂಬಿದ್ದ ಉಕ್ಕಿನ ಚೂರುಗಳು ಆಮ್ಲಜನಕವನ್ನು ಹೀರಿದ್ದವು. ಆ ಗಾಳಿ ಪಕ್ಕದ ಕೋಣೆಯನ್ನೂ ಸೇರಿತ್ತು.

ಇನ್ನು ಕೆಲವೆಡೆ ಆಮ್ಲಜನಕವನ್ನು ಮನುಷ್ಯರೇ ಉದ್ದೇಶಪೂರ್ವಕವಾಗಿ ಹೊರಗಟ್ಟುತ್ತಾರೆ. ಕಚ್ಚಾ ತೈಲದ ಹಡಗುಗಳಲ್ಲಿ ಟ್ಯಾಂಕಿನೊಳಗೆ ಕಿಡಿ ಹೊತ್ತಿ ಸ್ಫೋಟವಾಗದಿರಲೆಂದು ಜಡ ಅನಿಲವನ್ನು ತುಂಬಿ ಆಮ್ಲಜನಕವನ್ನು ಶೇ. 8 ಅಥವಾ ಅದಕ್ಕಿಂತ ಕಡಿಮೆ ಇರಿಸುತ್ತಾರೆ. ಬೆಂಕಿಯಿಂದ ಹಡಗನ್ನು ಉಳಿಸುವ ವ್ಯವಸ್ಥೆಯೇ ಒಳಗಿಳಿದವನ ಪಾಲಿಗೆ ಮೃತ್ಯುವಾಗುತ್ತದೆ. ಎಂಜಿನ್ ಕೋಣೆಯ ಬೆಂಕಿ ನಂದಿಸಲು ಇರಿಸಿದ ಇಂಗಾಲದ ಡೈ ಆಕ್ಸೈಡ್ ಕೂಡ ಹಾಗೆಯೇ. ಮುಂದೆ 'ಐಎನ್ಎಸ್ ಕೋಲ್ಕತಾ' ಎಂದು ನೌಕಾಪಡೆಯನ್ನು ಸೇರಿದ ಯುದ್ಧನೌಕೆಯು 2014ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಪರೀಕ್ಷೆಯ ಹಂತದಲ್ಲಿದ್ದಾಗ ಈ ಅನಿಲ ಸೋರಿ ನೌಕಾಪಡೆಯ ಅಧಿಕಾರಿಯೊಬ್ಬರು ಮೃತಪಟ್ಟರು.

ನಮ್ಮ ಹಿರಿಯರಿಗೆ ತಿಳಿದಿತ್ತು

ಉತ್ತರ ಕರ್ನಾಟಕದ ಓದುಗರಿಗೆ ಈ ವಿಷಯ ತೀರಾ ಹೊಸದೇನಲ್ಲ. ಜೋಳವನ್ನು ನೆಲದಡಿಯ ಹಗೇವುಗಳಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ, ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. 'ಝಳ' ಹೋಗಲೆಂದು ಕಾಯುತ್ತಿದ್ದರು. ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುವಂತಿಲ್ಲ. ಹಳೆಯ ಬಾವಿಯ ಹೂಳೆತ್ತುವವರೂ ಇದೇ ಪದ್ಧತಿಯನ್ನು ಅನುಸರಿಸುತ್ತಿದ್ದರು. ಹಗೇವಿನೊಳಗಿನ ಜೋಳ ಉಸಿರಾಡಿ ಆಮ್ಲಜನಕವನ್ನು ಕಳೆದು ಇಂಗಾಲದ ಡೈ ಆಕ್ಸೈಡನ್ನು ತುಂಬಿಸುವುದಕ್ಕೂ, ಹಡಗಿನ ಹೋಲ್ಡ್‌ನಲ್ಲಿ ಗೋಧಿ ಅದನ್ನೇ ಮಾಡುವುದಕ್ಕೂ ವ್ಯತ್ಯಾಸವಿಲ್ಲ. ಹುಳು ಬದುಕದ ಗಾಳಿಯಲ್ಲಿ ಕಾಳು ಕೆಡದೆ ಉಳಿಯುತ್ತದೆ. ಅದೇ ಗಾಳಿಯಲ್ಲಿ ಮನುಷ್ಯನೂ ಬದುಕಲಾರ.

ಆದರೆ ದೀಪದ ಪರೀಕ್ಷೆಯನ್ನು ಇಂದು ನೆಚ್ಚುವಂತಿಲ್ಲ. ಜ್ವಾಲೆ ಸಾಮಾನ್ಯವಾಗಿ ಆರುವುದು ಆಮ್ಲಜನಕ ಶೇ. 16ರ ಸುಮಾರಿಗೆ ಇಳಿದಾಗ. ಅಷ್ಟರಲ್ಲಿ ಮನುಷ್ಯನ ವಿವೇಚನೆ ಕುಂದಲಾರಂಭಿಸಿರುತ್ತದೆ. ವಿಷಾನಿಲ ಇದ್ದರೆ ದೀಪ ಅದನ್ನು ತಿಳಿಸುವುದಿಲ್ಲ. ಹೊತ್ತಿಕೊಳ್ಳುವ ಅನಿಲ ಇರುವ ಕಡೆ, ಮುಖ್ಯವಾಗಿ ಹಡಗುಗಳಲ್ಲಿ, ದೀಪವೇ ಸ್ಫೋಟಕ್ಕೆ ಕಾರಣವಾದೀತು.

ನಿಯಮಗಳು ಏನನ್ನುತ್ತವೆ?

ಒಳಹೋಗಲು ಹೊರಬರಲು ಕಿರಿದಾದ ದಾರಿ, ಸಾಲದ ಗಾಳಿಯಾಟ, ಮನುಷ್ಯರು ನಿರಂತರವಾಗಿ ಇರಲೆಂದು ರಚಿಸದೆ ಇರುವುದು - ಈ ಮೂರರಲ್ಲಿ ಯಾವುದೊಂದು ಲಕ್ಷಣವಿದ್ದರೂ ಅದು ಮುಚ್ಚಿದ ಕೋಣೆ ಎಂಬುದು ಅಂತಾರಾಷ್ಟ್ರೀಯ ಸಾಗರ ಸಂಘಟನೆ ಐಎಂಒದ ವ್ಯಾಖ್ಯೆ. ಈ ಬಗ್ಗೆ 1997ರಲ್ಲಿ ಹೊರಡಿಸಿದ್ದ ಶಿಫಾರಸುಗಳನ್ನು ಸಂಘಟನೆಯು 2011ರಲ್ಲಿ ಪರಿಷ್ಕರಿಸಿತು. 2015ರ ಜನವರಿ 1ರಿಂದ, ಇಂತಹ ಕೋಣೆಗಳಿಗೆ ಇಳಿಯುವ ಹೊಣೆಯುಳ್ಳ ಸಿಬ್ಬಂದಿ ಎರಡು ತಿಂಗಳಿಗೊಮ್ಮೆ ಪ್ರವೇಶ ಹಾಗೂ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಸುವುದು ಕಡ್ಡಾಯವಾಯಿತು. 2016ರ ಜುಲೈ 1ರಿಂದ ಗಾಳಿ ಪರೀಕ್ಷಿಸುವ ಉಪಕರಣ ಹಡಗಿನಲ್ಲಿರುವುದೂ ಕಡ್ಡಾಯವಾಯಿತು. 2025ರ ಜೂನ್‌ನಲ್ಲಿ ಐಎಂಒದ ಸಾಗರ ಸುರಕ್ಷತಾ ಸಮಿತಿ ಶಿಫಾರಸುಗಳನ್ನು ಮತ್ತೊಮ್ಮೆ ಪರಿಷ್ಕರಿಸಿದೆ. ಪ್ರತಿಯೊಂದು ಹಡಗೂ ತನ್ನ ಮುಚ್ಚಿದ ಕೋಣೆಗಳ ದಾಖಲೆ ಪುಸ್ತಕವನ್ನು ಇರಿಸಿಕೊಳ್ಳಬೇಕು, ಅವುಗಳಿಗೆ ಹೊಂದಿಕೊಂಡ ಜಾಗಗಳನ್ನೂ ಅಪಾಯಕಾರಿ ಎಂದೇ ಪರಿಗಣಿಸಬೇಕು ಎಂಬುದು ಅದರ ಆಶಯ.

ಕ್ರಮಬದ್ಧವಾಗಿ ಇಳಿಯುವುದಾದರೆ ಮೊದಲಿಗೆ ಲಿಖಿತ ಅನುಮತಿ ಪತ್ರ ಬೇಕು. ಕೋಣೆಗೆ ಸಾಕಷ್ಟು ಹೊತ್ತು ಯಂತ್ರದ ಮೂಲಕ ಹೊಸ ಗಾಳಿ ಊದಿಸಬೇಕು. ಬಾಗಿಲು ತೆರೆದಿಟ್ಟರಷ್ಟೇ ಸಾಲದು, ಮೂಲೆಗಳಲ್ಲಿ, ತೊಲೆಗಳ ನಡುವೆ ಕೆಟ್ಟ ಗಾಳಿ ಉಳಿದೇ ಇರುತ್ತದೆ. ಬಳಿಕ ಹೊರಗಿನಿಂದಲೇ ಕೊಳವೆ ಇಳಿಬಿಟ್ಟು ಮೇಲೆ, ನಡುವೆ, ತಳದಲ್ಲಿ ಗಾಳಿಯನ್ನು ಅಳೆಯಬೇಕು. ಆಮ್ಲಜನಕ ಶೇ. 21 ತೋರಬೇಕು; ಹೊತ್ತಿಕೊಳ್ಳುವ ಅನಿಲ ಅದರ ದಹನ ಮಿತಿಯ ಶೇ. 1ನ್ನು, ವಿಷಾನಿಲ ಅದರ ಅನುಮತ ಮಿತಿಯ ಅರ್ಧವನ್ನು ಮೀರಿರಬಾರದು. ಕೆಲಸ ನಡೆಯುವಷ್ಟು ಹೊತ್ತೂ ಗಾಳಿ ಊದುತ್ತಿರಬೇಕು, ಅಳೆಯುತ್ತಿರಬೇಕು. ಬಾಯಿಯ ಬಳಿ ಒಬ್ಬ ಕಾವಲಿರಬೇಕು. ಉಸಿರಾಟದ ಉಪಕರಣ, ಹಗ್ಗ, ಎತ್ತುವ ಸಾಧನ ಅಲ್ಲಿಯೇ ಸಿದ್ಧವಿರಬೇಕು.

ಆಮ್ಲಜನಕದ ಅಳತೆಯನ್ನೇ ಮೊದಲು ನೋಡಬೇಕೆಂಬುದಕ್ಕೂ ಕಾರಣವಿದೆ. ಹೊತ್ತಿಕೊಳ್ಳುವ ಅನಿಲವನ್ನು ಪತ್ತೆ ಮಾಡುವ ಅನೇಕ ಮೀಟರುಗಳು ಆ ಅನಿಲವನ್ನು ಒಳಗೇ ಉರಿಸಿ ಅಳೆಯುತ್ತವೆ. ಉರಿಯಲು ಆಮ್ಲಜನಕವೇ ಇಲ್ಲದಿದ್ದರೆ ಅನಿಲ ತುಂಬಿದ್ದರೂ ಮೀಟರು ಅದನ್ನು ಸರಿಯಾಗಿ ತೋರಿಸದು.

ಆದರೂ ಸಾವು ಏಕೆ ನಿಲ್ಲುತ್ತಿಲ್ಲ?

ನಿಯಮಗಳಿದ್ದೂ ದುರಂತಗಳು ಮರುಕಳಿಸುತ್ತಿರುವುದಕ್ಕೆ ಮೊದಲ ಕಾರಣ ಅವಸರ. ಬಂದರಿನಲ್ಲಿ ಹಡಗು ನಿಂತ ಪ್ರತಿ ಗಂಟೆಗೂ ಹಣ ತೆರಬೇಕು. ಎರಡು ನಿಮಿಷದ ಕೆಲಸಕ್ಕೆ ಎರಡು ಗಂಟೆಯ ಸಿದ್ಧತೆ ಹೊರೆಯಾಗಿ ತೋರುತ್ತದೆ. ಎರಡನೆಯದು ಅಭ್ಯಾಸ. ಅದೇ ಕೋಣೆಗೆ ಹತ್ತು ಬಾರಿ ಇಳಿದು ಏನೂ ಆಗದೆ ಬಂದವನಿಗೆ ಹನ್ನೊಂದನೆಯ ಬಾರಿ ಭಯವಿರುವುದಿಲ್ಲ. ಮೂರನೆಯದು ಶ್ರೇಣಿ. ಮೇಲಧಿಕಾರಿ ಇಳಿಯೆಂದಾಗ, ಮೀಟರು ಹಿಡಿಯದೆ ಇಳಿಯಲಾರೆ ಎನ್ನುವ ಧೈರ್ಯ ಕಿರಿಯ ನಾವಿಕನಿಗೆ ಸುಲಭವಾಗಿ ಬರುವುದಿಲ್ಲ. ನಾಲ್ಕನೆಯದು ಹಡಗಿನ ರಚನೆ. ಉಸಿರಾಟದ ಉಪಕರಣ ಧರಿಸಿದವನು ನುಗ್ಗಲಾಗದಷ್ಟು ಕಿರಿದಾದ ಬಾಯಿಯನ್ನು ಇಟ್ಟು, ಉಪಕರಣ ಧರಿಸಿಯೇ ರಕ್ಷಿಸಿ ಎಂದು ನಿಯಮ ಬರೆದರೆ ಪ್ರಯೋಜನವೇನು?

ಇವೆಲ್ಲಕ್ಕಿಂತ ದೊಡ್ಡ ಕಾರಣ ಮನುಷ್ಯನ ಒಳ್ಳೆಯತನ. ಕಣ್ಣೆದುರು ಸಂಗಾತಿ ಬಿದ್ದಾಗ ಕೈಕಟ್ಟಿ ನಿಲ್ಲಲು ಯಾರಿಗೂ ಮನಸ್ಸು ಬಾರದು. ಅಮೆರಿಕದ ಔದ್ಯೋಗಿಕ ಸುರಕ್ಷತೆ ಹಾಗೂ ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು 1986ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಮುಚ್ಚಿದ ಕೋಣೆಗಳಲ್ಲಿ ಸತ್ತವರಲ್ಲಿ ಶೇ. 60ಕ್ಕೂ ಹೆಚ್ಚು ಮಂದಿ ಬೇರೊಬ್ಬರನ್ನು ರಕ್ಷಿಸಲು ಹೋದವರು.

ದೂರದ ಉದಾಹರಣೆ ಬೇಕಿಲ್ಲ. 2022ರ ಏಪ್ರಿಲ್ 17ರಂದು ಮಂಗಳೂರಿನ ಬಜ್ಪೆ ಸಮೀಪದ ಮೀನು ಸಂಸ್ಕರಣಾ ಘಟಕವೊಂದರಲ್ಲಿ ತ್ಯಾಜ್ಯದ ಟ್ಯಾಂಕಿನೊಳಗೆ ಕಾರ್ಮಿಕನೊಬ್ಬ ಕುಸಿದ. ಅವನನ್ನು ಉಳಿಸಲು ಒಬ್ಬರ ಹಿಂದೊಬ್ಬರು ಇಳಿದರು. ಪಶ್ಚಿಮ ಬಂಗಾಳದಿಂದ ದುಡಿಮೆಗೆ ಬಂದಿದ್ದ ಐವರು ಪ್ರಾಣ ತೆತ್ತರು. ಕೊಳೆಯುವ ಮೀನು ಆಮ್ಲಜನಕವನ್ನು ಕಳೆಯುವುದಷ್ಟೇ ಅಲ್ಲ, ವಿಷಾನಿಲವನ್ನೂ ಉಗುಳುತ್ತದೆ. ಇದು ಹಡಗಿನ ದುರಂತವಲ್ಲದಿದ್ದರೂ ಒಬ್ಬನ ಹಿಂದೆ ಮತ್ತೊಬ್ಬ ಸಾಯುವ ಆ ಸರಣಿ ಉತ್ತರ ಸಮುದ್ರದಲ್ಲಿ ನಡೆದದ್ದರ ಪಡಿಯಚ್ಚು.

ನಮ್ಮ ಮೀನುಗಾರರೂ ಇದನ್ನು ಮನಸ್ಸಿನಲ್ಲಿಡಬೇಕು. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಬೋಟುಗಳು ದಡ ಸೇರಿರುತ್ತವೆ. ಮೀನು ತುಂಬಿಡುವ ಕೆಳಗಿನ ಹೋಲ್ಡ್‌ಗಳನ್ನು ಸರಿಯಾಗಿ ತೊಳೆಯದೆ ಮುಚ್ಚಿಟ್ಟರೆ, ಉಳಿದ ನೀರು, ಮೀನಿನ ಅಂಶ ಒಳಗೇ ಕೊಳೆಯುತ್ತದೆ. ಋತು ಆರಂಭವಾದಾಗ ಮುಚ್ಚಳ ತೆರೆದ ತಕ್ಷಣ ಒಬ್ಬಂಟಿಯಾಗಿ ಇಳಿಯುವುದು ಪ್ರಾಣವನ್ನು ಪಣಕ್ಕಿಟ್ಟಂತೆ. ಮುಚ್ಚಳ ತೆಗೆದು, ಫ್ಯಾನು ಹಚ್ಚಿ ಗಾಳಿಯಾಡಿಸಿ, ಅಳತೆ ಮಾಡಿಸಿ, ಮೇಲೊಬ್ಬರನ್ನು ನಿಲ್ಲಿಸಿಕೊಂಡೇ ಇಳಿಯಬೇಕು.

ಬಿದ್ದವನನ್ನು ಕಂಡಾಗ

ಹಾಗಾದರೆ ಒಳಗೆ ಯಾರಾದರೂ ಬಿದ್ದದ್ದು ಕಂಡರೆ ಮಾಡಬೇಕಾದುದೇನು? ಮೊದಲು ಕೂಗಿ ಜನರನ್ನು, ನೆರವನ್ನು ಕರೆಯಬೇಕು. ಕೋಣೆಯೊಳಗೆ ಹೊಸ ಗಾಳಿ ಊದಿಸಲು ಯತ್ನಿಸಬೇಕು. ಬಿದ್ದವನ ಸೊಂಟಕ್ಕೆ ಹಗ್ಗ ಕಟ್ಟಿದ್ದರೆ ಹೊರಗಿನಿಂದಲೇ ಎಳೆಯಬೇಕು. ಹಗ್ಗವಿಲ್ಲದಿದ್ದರೆ, ಗಾಳಿಯ ಸಿಲಿಂಡರು ಹೊತ್ತ ತರಬೇತಾದವರು ಮಾತ್ರ ಇಳಿಯಬೇಕು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು, ಧೂಳಿನ ಮುಖಗವಸು ಧರಿಸುವುದು ಇಲ್ಲಿ ಎಳ್ಳಷ್ಟೂ ಉಪಯೋಗವಿಲ್ಲ. ಗಾಳಿಯಲ್ಲಿ ಇಲ್ಲದ ಆಮ್ಲಜನಕವನ್ನು ಯಾವ ಬಟ್ಟೆಯೂ ಸೋಸಿ ಕೊಡಲಾರದು. ಬೆಂಕಿಯಿಂದ ಪಾರಾಗಲು ಇರಿಸಿದ ಮುಸುಕು ಹೊರಗೆ ಓಡುವುದಕ್ಕೆ ಮಾತ್ರ, ಒಳಗೆ ಹೋಗುವುದಕ್ಕಲ್ಲ ಎಂಬುದನ್ನು ವೈಕಿಂಗ್ ಐಲೇಯ ಮೂರನೆಯ ಸಾವು ಕಲಿಸಿದೆ.

ಆಮ್ಲಜನಕ ನಿಂತ ನಾಲ್ಕಾರು ನಿಮಿಷಗಳಲ್ಲಿ ಮೆದುಳಿಗೆ ಶಾಶ್ವತ ಹಾನಿ ಆರಂಭವಾಗುತ್ತದೆ. ಅಷ್ಟರಲ್ಲಿ ದೂರದಿಂದ ರಕ್ಷಣಾ ತಂಡ ಬಂದು ತಲಪುವುದು ಅಪರೂಪ. ಹಾಗಾಗಿ ಬಿದ್ದ ಮೇಲೆ ಉಳಿಸುವ ಅವಕಾಶ ಬಹಳ ಕಡಿಮೆ. ಬೀಳದಂತೆ ತಡೆಯುವ ಅವಕಾಶ ಮಾತ್ರ ಪೂರ್ಣವಾಗಿ ನಮ್ಮ ಕೈಯಲ್ಲಿದೆ. ಹಗೇವಿನ ಬಾಯಿ ತೆರೆದು ಕಾಯುತ್ತಿದ್ದ ನಮ್ಮ ಹಿರಿಯ ರೈತನ ಕೈಯಲ್ಲಿ ಮೀಟರು ಇರಲಿಲ್ಲ, ಕಾಯುವ ತಾಳ್ಮೆ ಇತ್ತು. ಇಂದಿನ ಹಡಗಿನಲ್ಲಿ ಮೀಟರು ಇದೆ. ಅದನ್ನು ಬಳಸುವಷ್ಟು ಹೊತ್ತು ಕಾಯುವ ತಾಳ್ಮೆಯನ್ನು ಹಡಗಿನ ಒಡೆಯರು, ಅಧಿಕಾರಿಗಳು, ನಾವಿಕರು ಎಲ್ಲರೂ ರೂಢಿಸಿಕೊಳ್ಳಬೇಕಾಗಿದೆ.